ಅಂಗಾಲಿಗೆ ಎಣ್ಣೆ

ಎಂಡೆಲ್ ಬಂದ, ಬೆಂಚಿನ ಒಂದು ಕಾಲನ್ನು
ಕಂಕುಳಲ್ಲಿ ಇಟ್ಟುಕೊಂಡು, ಬ್ರೆಡ್ಡು ತಂದವನ ಹಾಗೆ.
ಮಿಕ್ಕ ಬೆಂಚು ಅವನ ಅಂಗಳದಲ್ಲಿ ಮಂಡಿಯೂರಿತ್ತು.
ಭಾನುವಾರ ಅದರ ಮೇಲೆ ಪಾದ್ರಿ ಕೂತಿದ್ದರಂತೆ,
ಕಾಫಿ ಕೈಯಲ್ಲಿ, ಮಾತು ಬಾಯಲ್ಲಿ.
ಕಾಫಿ ಹುಲ್ಲಿಗೆ ಹೋಯಿತು;
ಮಾತು ಎಲ್ಲಿಗೆ ಹೋಯಿತೋ, ಎಂಡೆಲ್ ಹೇಳಲಿಲ್ಲ.

ನಾನು ನಗಲಿಲ್ಲ. ನಗು ಬಂದಿತ್ತು.

ಮೂರು ವರ್ಷದ ಹಿಂದೆ, ಮಗಳ ಮದುವೆಗೆಂದು,
ಮಳೆ ನಿಂತ ಮಧ್ಯಾಹ್ನವೇ ಬಿಳಿ ಬಣ್ಣ ಬಳಿದಿದ್ದ.
ಬೇಲಿಯಾಚೆಯಿಂದ ಕೂಗಿದ್ದೆ:
ಮರ ಇನ್ನೂ ಹಸಿ, ಎಂಡೆಲ್, ಒಂದು ವಾರ ತಡೆ.
ಮದುವೆ ತಡೆಯುತ್ತದಾ? ಅಂದಿದ್ದ.
ಸರಿ. ಒದ್ದೆ ಮೈಗೆ ಅಂಗಿ ತೊಡಿಸಿ
ಕತ್ತಿನ ತನಕ ಗುಂಡಿ ಹಾಕಿದ.
ಫೋಟೋದಲ್ಲಿ ಚೆನ್ನಾಗಿಯೇ ಬಂದಿದೆ ಬೆಂಚು,
ವರನಿಗಿಂತ ಚೆನ್ನಾಗಿ.

ಆ ಕಾಲನ್ನು ಮೇಜಿನ ಮೇಲಿಟ್ಟು ಉಗುರಿನಲ್ಲಿ ಕೆರೆದೆ.
ಬಣ್ಣ ಮೊಟ್ಟೆಯ ಸಿಪ್ಪೆಯಂತೆ ಎದ್ದು ಬಂತು.
ಒಳಗೆ ಪೈನ್ ಇರಲಿಲ್ಲ,
ಚಹಾದಲ್ಲಿ ಮರೆತ ರಸ್ಕು ಇತ್ತು.
ಬಣ್ಣದ್ದೇನೂ ತಪ್ಪಿಲ್ಲ, ಎಂದೆ. ಬಣ್ಣ ಬರೀ ಬಾಗಿಲು.
ನೀನು ನೀರನ್ನು ಒಳಗೆ ಕೂರಿಸಿ ಚಿಲಕ ಹಾಕಿದೆ.

ಅಷ್ಟರಲ್ಲಿ ಅವನು ಹೊಸ ಡಬ್ಬ ತೆಗೆದು ತೋರಿಸಿದ,
'ಹತ್ತು ವರ್ಷ' ಎಂದು ಬರೆದದ್ದು.
ಹೀಯುಮಾ ದ್ವೀಪದ ಗಾಳಿಗೆ
ಓದಲು ಬರುವುದಿಲ್ಲ, ಎಂಡೆಲ್.

ಹೊಸ ಕಾಲು ಕೊಟ್ಟೆ, ನನ್ನ ಮಾಡಿನಡಿ
ಎರಡು ಚಳಿಗಾಲ ಒಣಗಿದ ಪೈನ್.
ಮಿಕ್ಕದ್ದನ್ನು ಮೂರು ದಿನ ಕೆರೆದೆವು.
ಅಗಸೆ ಎಣ್ಣೆ, ಅದಕ್ಕೊಂದು ಲೋಟ ಟಾರು;
ಬಿಸಿನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟೆ,
ಕೂಸಿನ ನೆತ್ತಿಗೆ ಹಚ್ಚುವಷ್ಟು ಬೆಚ್ಚಗೆ,
ಅದಕ್ಕಿಂತ ಬೇಡ.
ಹಚ್ಚು. ಕಾಯಿ. ಒರೆಸಿ ತೆಗೆ.
ಕೊಟ್ಟದ್ದನ್ನು ಮರಳಿ ತೆಗೆಯಬೇಕಾ? ಅಂದ.
ಕುಡಿದಷ್ಟು ಅದರದ್ದು.
ಉಳಿದದ್ದು ಪಾದ್ರಿಯ ಪ್ಯಾಂಟಿಗೆ.

ಚಿಂದಿಗಳನ್ನು ಉಂಡೆಮಾಡಿ ಮೂಲೆಗೆ ಎಸೆಯಹೊರಟವನ
ಕೈ ಹಿಡಿದೆ. ಇದೊಂದನ್ನು ತಮಾಷೆಯಿಲ್ಲದೆ ಹೇಳುತ್ತೇನೆ:
ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿಟ್ಟರೆ
ಯಾರೂ ಕಡ್ಡಿ ಗೀರಬೇಕಾಗಿಲ್ಲ,
ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ,
ನಡುರಾತ್ರಿ ಹೊತ್ತಿಕೊಳ್ಳುತ್ತದೆ.
ನನ್ನ ಅಣ್ಣ ಹಿಲ್ಲಾರನ ದೋಣಿಮನೆ ಹಾಗೆಯೇ ಹೋದದ್ದು.
ಸಿಗರೇಟು, ಎಂದಿತು ಊರು, ವರ್ಷಗಟ್ಟಲೆ.
ಅವನು ಸೇದುತ್ತಲೇ ಇರಲಿಲ್ಲ.

ಒಂದೊಂದೇ ಬಿಡಿಸಿ ನಡುವಿನ ಬೇಲಿಗೆ ಹರವಿದೆವು,
ಅವನ ಕಡೆ ಐದು, ನನ್ನ ಕಡೆ ನಾಲ್ಕು.

ಕೊನೆಗೆ ಕಾಲು. ಕೊಯ್ದ ತುದಿಯೇ ಮರದ ಬಾಯಿ;
ನಿಂತಿದ್ದಾಗ ಬೇರಿನಿಂದ ನೀರೇರಿದ ದಾರಿ ಅದೇ,
ಕಡಿದುರುಳಿಸಿದರೂ ಮರೆತಿಲ್ಲ.
ಮೀನಿನ ಖಾಲಿ ಡಬ್ಬಗಳು ನಾಲ್ಕು, ತುಂಬ ಎಣ್ಣೆ,
ಅದರೊಳಗೆ ಬೆಂಚನ್ನು ನಿಲ್ಲಿಸಿದೆವು.
ಜೂನ್ ತಿಂಗಳು, ಕತ್ತಲೇ ಬಾರದ ಇರುಳು,
ಹನ್ನೊಂದಕ್ಕೂ ಪತ್ರಿಕೆ ಓದಬಹುದು.
ಎಂಡೆಲ್ ಹೋಗಲಿಲ್ಲ; ಹೋಗೆಂದು ನಾನೂ ಅನ್ನಲಿಲ್ಲ.
ಬೆಂಚು ಕಾಲು ನೆನೆಸಿಕೊಂಡು ನಿಂತಿತ್ತು,
ನಾವು ನೆಲದ ಮೇಲೆ ಕೂತಿದ್ದೆವು, ಸೊಳ್ಳೆ ಹೊಡೆಯುತ್ತ.

ಬೆಳಿಗ್ಗೆ ನೋಡಿದರೆ ಮೂರು ಡಬ್ಬಗಳಲ್ಲಿ
ಎಣ್ಣೆ ಒಂದು ಬೆರಳು ಇಳಿದಿತ್ತು.
ನಾಲ್ಕನೆಯದು ಕವುಚಿ ಬಿದ್ದಿತ್ತು,
ಅಲ್ಲಿಂದ ಎಣ್ಣೆಯ ಪುಟ್ಟ ಪುಟ್ಟ ಹೆಜ್ಜೆ
ಕರಂಟ್ ಪೊದೆಯ ತನಕ. ಅಂಗೈಯಗಲದ ಮುಳ್ಳುಹಂದಿ,
ಮೀನಿನ ವಾಸನೆಗೆ ಬಂದದ್ದು,
ಮೂತಿಗೆ ಟಾರು ಬಳಿದುಕೊಂಡು ಹೋಗಿದೆ.

ಎಂಡೆಲ್ ಡಬ್ಬ ಎತ್ತಿದ, ಮೂಸಿದ,
ಈ ಕಾಲು ಕುಡಿದೇ ಇಲ್ಲ, ಅಂದ.
ಇನ್ನೊಂದು ರಾತ್ರಿ ಬೇಕಾಗುತ್ತದೆ, ಅಲ್ಲವಾ?

ಬೇಕಾಗುತ್ತದೆ, ಎಂದೆ.