ಜಿಪ್ಸಿಯ ತವರಿಗೆ ಹೋಗಿ ಬಂದು

ಗೋಣಿಕೊಪ್ಪದ ಬೈಪಾಸಿನಲ್ಲಿ ಒಣಮೀನಂಗಡಿ ದಾಟಿ
ಎರಡನೇ ಶೆಡ್ಡು. ಬೋರ್ಡಿಲ್ಲ.
ಹಳೇ ಸೈಲೆನ್ಸರೊಂದು ತೂಗುತ್ತದೆ, ಅದೇ ಗುರುತು.
ಮೊಯ್ದು ಯಾರದೋ ಪಿಕಪ್ಪಿನಡಿಯಿಂದ ಕಾಲಷ್ಟೇ ತೋರಿಸುತ್ತ
"ಬಂದೆಯಾ ಚೋಂದಮ್ಮಾ, ಹೇಳು" ಎಂದ.
ಎಲ್ಲಿಂದ ಹೇಳಲಿ?

ನಮ್ಮ ಜಿಪ್ಸಿಗೊಂದು ತವರಿದ್ದರೆ ಅದು ಹಮಾಮಾತ್ಸು,
ಹಾವುಮೀನು ಸುಡುವ ವಾಸನೆಯ ಊರು.
ಷೋರೂಮಿನ ಬಾಗಿಲಲ್ಲಿ ಒಂದು ಗಳಿಗೆ ನಿಂತೆ,
ಚಪ್ಪಲಿ ಬಿಡಬೇಕೇನೋ ಎಂದು. ನೆಲ ಹಾಗಿತ್ತು,
ಕೈಮಡದ ಮುಂದೂ ಇಷ್ಟು ಗುಡಿಸುವುದಿಲ್ಲ ನಾವು.
ಬಿಳಿ ಕೈಗವಸಿನ ಹುಡುಗಿ ಬಾಗಿದಳು. ನಾನೂ ಬಾಗಿದೆ.
ಅವಳು ಮತ್ತೆ. ನಾನು ಮತ್ತೆ.
ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ;
ನಮ್ಮಲ್ಲಾದರೆ ಹಿರಿಯರ ಕಾಲು ಮೂರು ಸಲ ಮುಟ್ಟಿದರೆ ಮುಗಿಯಿತು.

ಫೋನಿನಲ್ಲಿ ಜಿಪ್ಸಿಯ ಚಿತ್ರ ತೋರಿಸಿದೆ:
ಬಾಳೆಲೆಯ ಗದ್ದೆ, ಕೊಯ್ಲಾದ ಮೇಲಿನ ಓಟ,
ಚಕ್ರದಡಿ ಕೂಳೆ ಸಿಡಿಯುತ್ತ,
ಎಡಗಡೆಯ ಹೆಡ್‌ಲೈಟಿಗೆ ಬಟ್ಟೆ ಕಟ್ಟಿದ್ದು.
ಬಹಳ ಹೊತ್ತು ನೋಡಿದಳು,
ದೂರಕ್ಕೆ ಕೊಟ್ಟ ಮಗಳ ಫೋಟೋ ನೋಡುವ ಹಾಗೆ.
ಇನ್ನೂ ಓಡುತ್ತದೆಯೇ ಎಂದು ಅವಳ ಫೋನು ಕನ್ನಡದಲ್ಲಿ ಕೇಳಿತು.
ಓಡದೆ ಏನು, ಎರಡನೇ ಬಹುಮಾನ! ಎಂದೆ.
ಫೋನು ಅವಳಿಗೇನೆಂದಿತೋ,
ನನ್ನ ಕೈಗೊಂದು ಕ್ಯಾಲೆಂಡರು ಕೊಟ್ಟಳು.

ರಾತ್ರಿ ಯೊಕೊಹಾಮಾದ ಮೇಲುಸೇತುವೆಯ ಕೆಳಗೆ
ಕಾರುಗಳ ಸಂತೆ. ಕೊಳ್ಳುವವರಿಲ್ಲ, ಮಾರುವವರಿಲ್ಲ,
ಬಾನೆಟ್ ತೆರೆದಿಟ್ಟು ಸುಮ್ಮನೆ ನಿಲ್ಲುತ್ತಾರೆ.
ನೇರಳೆ ಬಣ್ಣದ್ದೊಂದು, ಹೊಟ್ಟೆ ನೆಲಕ್ಕೆ ತಾಗುವಂಥದ್ದು;
ತಿತಿಮತಿಯ ಒಂದು ಹಂಪಿಗೆ ಅದರ ಕಥೆ ಮುಗಿಯಿತು.
ಹನ್ನೊಂದಕ್ಕೆ ಪೊಲೀಸು ಬಂದು ಮೈಕಿನಲ್ಲಿ ಮೆತ್ತಗೆ ಏನೋ ಅಂದ.
ಎಲ್ಲರೂ ಮೆತ್ತಗೆ ಹೋದರು.
ನನಗೆ ಭಯವಾದದ್ದು ಅದೊಂದಕ್ಕೇ.

ನಿನ್ನ ಚೀಟಿಯೇ? ಕೊಟ್ಟೆ ಮೊಯ್ದು, ಕೊಟ್ಟೆ.
ಬೀಡಿಕಟ್ಟಿನ ಕಾಗದದ ಬೆನ್ನಿಗೆ ನೀನು ಬರೆದ ಗ್ಯಾಸ್ಕೆಟ್ಟಿನ ಅಳತೆ,
ಮಡಿಕೆಯಲ್ಲಿ ನಿನ್ನ ಗ್ರೀಸಿನ ಹೆಬ್ಬೆಟ್ಟು.
ಸೈತಾಮಾದ ಒಂದು ಓಣಿ, ಮೂಲಂಗಿ ಹೊಲದ ಪಕ್ಕ,
ಕುರಾಮೋಚಿ ಎನ್ನುವ ಅಜ್ಜನ ಶೆಡ್ಡು, ನಿನ್ನದಕ್ಕಿಂತ ಚಿಕ್ಕದು.
ಸ್ಪ್ಯಾನರುಗಳೆಲ್ಲ ಗೋಡೆಯ ಮೇಲೆ. ಪ್ರತಿಯೊಂದರ ಹಿಂದೆ
ಅದರದೇ ಆಕಾರದ ಬಣ್ಣದ ಗೆರೆ,
ಒಂದು ಕಾಣೆಯಾದರೆ ಗೋಡೆಯೇ ಚಾಡಿ ಹೇಳುತ್ತದೆ.
(ನಿನ್ನ ಹನ್ನೆರಡರ ಸ್ಪ್ಯಾನರ್ ಎಲ್ಲಿ ಅಂತ ನಾನು ಕೇಳುವುದಿಲ್ಲ.)
ಚೀಟಿ ಓದಿದ. ಅಂಕೆಗೆ ಭಾಷೆ ಬೇಡವಲ್ಲ.
ಆಮೇಲೆ ಕಿವಿ ಮುಟ್ಟಿಕೊಂಡು, ಕೇಳಿಸು, ಎಂದು ಸನ್ನೆ ಮಾಡಿದ.

ಮಾಕುಟ್ಟದ ಘಾಟಿಯಲ್ಲಿ ರೆಕಾರ್ಡು ಮಾಡಿದ್ದು ಹಾಕಿದೆ:
ಏರು, ಎರಡನೇ ಗೇರು, ನಿನ್ನ ಕೆಮ್ಮು,
ಜೀರುಂಡೆ, ಮತ್ತೆ ಇಂಜಿನ್ನು.
ಕಣ್ಣು ಮುಚ್ಚಿ ಕೇಳಿದ. ಎರಡು ಸಲ.
ಮೂರು ಬೆರಳೆತ್ತಿದ.
ಮೂರನೇ ಸಿಲಿಂಡರು.

ಇಲ್ಲಿಗೆ ನಾನು ನಿಲ್ಲಿಸಿದೆ.
ಹೊರಡುವ ಮೊದಲು, ಇದೇ ಶೆಡ್ಡಿನಲ್ಲಿ, ಇದೇ ಮಾತನ್ನು
ಮೊಯ್ದು ಹೇಳಿದ್ದ, ತುಟಿಯಲ್ಲಿ ಬೀಡಿ ಕಚ್ಚಿಕೊಂಡೇ.
ಪ್ಲಗ್ ಬದಲಿಸಿ ಸಾಕು ಎಂದು ನಾನು ನಕ್ಕಿದ್ದೆ.
ಆರೇಳು ಸಾವಿರ ಕಿಲೋಮೀಟರು ಹಾರಿ ಹೋಗಿ
ಇನ್ನೊಬ್ಬನ ಬೆರಳಿನಿಂದ ಇವನನ್ನು ನಂಬಿದೆನಲ್ಲ.
ಬಯ್ಯುತ್ತಾನೆಂದು ಕಾದೆ.

ಕಾಲುಗಳು ಅಲುಗಲಿಲ್ಲ. ಪಿಕಪ್ಪಿನಡಿಯಿಂದ ಬಂತು:
"ಅವರು ಕೈ ಯಾವುದರಲ್ಲಿ ತೊಳೆಯುವುದು?"

ನೆನಪಾಯಿತು. ನಲ್ಲಿಗೆ ಕಟ್ಟಿದ ಕೆಂಪು ಬಲೆ,
ಕಿತ್ತಳೆ ತುಂಬಿ ಮಾರುತ್ತಾರಲ್ಲ, ಅಂಥದ್ದು,
ಒಳಗೊಂದು ತುಂಡು ಸಾಬೂನು.
ಜಾರುವುದಿಲ್ಲ. ಮಣ್ಣಿಗೆ ಬೀಳುವುದಿಲ್ಲ.

ಮೊಯ್ದು ಹೊರಗೆ ತೆವಳಿ ಬಂದ. ಆಗಷ್ಟೇ ಮುಖ ಕಂಡಿತು.
ಎರಡೂ ಅಂಗೈ ಬಿಡಿಸಿ ನೋಡಿಕೊಂಡ:
ಸೀಮೆಎಣ್ಣೆ, ಮರದಪುಡಿ, ಮೂವತ್ತು ವರ್ಷ.
"ಬಲೆ ಸಂತೆಯಲ್ಲಿ ಸಿಗುತ್ತದೆ" ಎಂದ.
"ಬಾನೆಟ್ ಎತ್ತು."