ಒಂದು ಹಸು, ಕೆಂಪು, ಮುದಿ

ತ್ಯೂನೆ ಅತ್ತೆಗೆ ತೊಂಬತ್ತೊಂದು.
ಹಿರಿಯರ ಹೆಸರು ಮಾತ್ರ ಅವಳನ್ನು ಕೇಳಬೇಡಿ.
ಹೈಕ್ಕಿಯ ಮಗ ಸಕರಿಯೋ, ಸಕರಿಯ ಮಗ ಹೈಕ್ಕಿಯೋ
ಕಾಫಿ ಆರುವ ತನಕ ಕದಡಿ, ಕಲಸಿ
'ಎಲ್ಲ ಒಂದೇ ಮೂಗಿನವರು ಬಿಡು' ಅಂದುಬಿಡುತ್ತಾಳೆ.

ಹಸುಗಳನ್ನು ಕೇಳಿ.
ಕಣ್ಣು ಮುಚ್ಚುತ್ತಾಳೆ, ಬೆರಳು ಮಡಿಸುತ್ತಾಳೆ:
ನಾನು ಕರೆದದ್ದು ಹೆಲೂನಾ, ಅದರ ತಾಯಿ ಮುಸ್ತಿಕ್ಕಿ,
ಮುಸ್ತಿಕ್ಕಿಯ ತಾಯಿ ಹಣೆಯಲ್ಲಿ ಚುಕ್ಕಿ ಇದ್ದ ತ್ಯಾಹ್ದಿಕ್ಕಿ,
ಹಾಲು ಎರಡು ಸೇರು, ಒದೆತ ನಾಲ್ಕು ಸೇರು,
ತ್ಯಾಹ್ದಿಕ್ಕಿಯ ತಾಯಿ...
ಹೀಗೆ ಹಿಂದೆ ಹಿಂದೆ, ದೀಪವಿಲ್ಲದ ಕೊಟ್ಟಿಗೆಯಲ್ಲಿ
ತಡವರಿಸದೆ ನಡೆವವಳ ಹಾಗೆ.
ನಾನು ನಗುತ್ತಿದ್ದೆ. ಬರೆದುಕೊಳ್ಳುತ್ತಿರಲಿಲ್ಲ.

ಮೂವತ್ತು ವರ್ಷ ಅಂಚೆ ಹಂಚಿದವನು ನಾನು,
ನನಗೆ ಓದಲಾಗದ ಕೈಬರಹವಿಲ್ಲ ಎಂಬ ಸೊಕ್ಕು.
ಪಾದ್ರಿಯ ದಪ್ಪ ಪುಸ್ತಕ ಇರುವುದು ಸ್ವೀಡಿಷ್‌ನಲ್ಲಿ,
ಉತ್ತವರ ಮಾತಲ್ಲ, ಬರೆದವರ ಮಾತು.
ಓದು: ಅಲ್ಪಸ್ವಲ್ಪ. ಧರ್ಮಪಾಠ: ಬಾಯಿಗೆ ಬಾರದು.
ಸಿಡುಬು: ಆಗಿದೆ.
ಹೊಲಮನೆ ಬದಲಾದರೆ ಮನೆತನದ ಹೆಸರೂ ಬದಲು;
ಒಬ್ಬನೇ ಮನುಷ್ಯನನ್ನು ಮೂರು ಹೆಸರಲ್ಲಿ
ಮೂರು ಹಾಳೆಗಳಿಂದ ಹಿಡಿದು ತಂದು
ಹಾಪಾಲದ ಒಂದೇ ಬೆಂಚಿನ ಮೇಲೆ ಕೂರಿಸಿದ್ದೇನೆ.

ಲೊವಿಸಾ ಮಾತ್ರ ಕೂರುವುದಿಲ್ಲ.
ಹೈಕ್ಕಿಯ ಹೆಂಡತಿ. ಹುಟ್ಟಿದ ದಿನದ ಜಾಗದಲ್ಲಿ ಗೀಟು,
ಅಪ್ಪನ ಜಾಗದಲ್ಲಿ ಶಾಯಿಯ ಕಲೆ,
ಊರಿನ ಜಾಗದಲ್ಲಿ ಎರಡೇ ಪದ: ಬೇರೆ ಕಡೆಯವಳು.
ನಾಲ್ಕು ಚಳಿಗಾಲ ಆ ಎರಡು ಪದದ ಬಾಗಿಲು ತಟ್ಟಿದೆ.

ಆಮೇಲೆ ಸಿಕ್ಕಿತು, ಜಿಲ್ಲಾ ಕಂತೆಯೊಂದರ ಅಡಿಯಲ್ಲಿ,
ಹೈಕ್ಕಿ ಸತ್ತ ಮೇಲೆ ಬರೆದ ಆಸ್ತಿಪಟ್ಟಿ.
ಸಾವಿರದ ಎಂಟುನೂರ ಅರವತ್ತೊಂಬತ್ತು, ಮಾರ್ಚ್.
ತಾಮ್ರದ ಹಂಡೆ ಒಂದು, ತೂತು.
ದೋಣಿಯಲ್ಲಿ ಅರ್ಧ ಪಾಲು.
ಸ್ತೋತ್ರದ ಪುಸ್ತಕ, ರಟ್ಟಿಲ್ಲದ್ದು.
ಒಂದು ಹಸು, ಕೆಂಪು, ಮುದಿ, ಹೆಸರು ಒಮೆನಾ.
ಕೆಳಗೆ: ವಿಧವೆಯ ಗುರುತು.
ವಿಧವೆಯ ಹೆಸರು ಬರೆದಿಲ್ಲ.
ಸಹಿಯ ಬದಲು ಒಂದು ಸುರುಳಿ, ಬಾಲವಿದೆ,
ಲೇಖನಿ ಒತ್ತಿದಲ್ಲಿ ಕಾಗದ ಹರಿದಿದೆ.

ಅಡುಗೆಮನೆಯಲ್ಲಿ ಓದಿ ಹೇಳಿದೆ,
ಹಂಡೆಗೂ ದೋಣಿಗೂ ಅತ್ತೆ ತಲೆಯಾಡಿಸಿದಳು.
ಒಮೆನಾ ಅಂದದ್ದೇ ಬೆನ್ನು ನೇರವಾಯಿತು.

'ಅದು ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದಲ್ಲ,
ನಡೆದು ಬಂದದ್ದು.
ಹಸಿವಿನ ವರ್ಷ. ದೊಡ್ಡ ಹಸಿವಲ್ಲ, ಅದರ ಮುಂಚಿನದ್ದು.
ರೈ ಪೈರು ತೆನೆಯಲ್ಲೇ ಮಂಜಿಗೆ ಸುಟ್ಟು
ಪೈನ್ ತೊಗಟೆ ಕುಟ್ಟಿ ರೊಟ್ಟಿ ಮಾಡುತ್ತಿದ್ದರು.
ಉತ್ತರದಿಂದ ಜನ ಕೈ ಚಾಚಿಕೊಂಡು ಬಂದರು, ಸಾಲು ಸಾಲು.
ಲೊವಿಸಾ ಒಬ್ಬಳು ಹಗ್ಗ ಹಿಡಿದುಕೊಂಡು ಬಂದಳು.
ಹಗ್ಗದ ತುದಿಗೆ ಈ ಕೆಂಪಿ, ಚರ್ಮದೊಳಗೆ ಬರೀ ಗೂಟಗಳು.
ದಾರಿಯಲ್ಲಿ ರಾತ್ರಿ ಅದರ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುತ್ತಿದ್ದಳಂತೆ.
ಹೈಕ್ಕಿ ಮೊದಲು ಒಳಗೆ ಕರೆದದ್ದು ಹಸುವನ್ನು.
ಅವಳು ಹಗ್ಗ ಬಿಡಲಿಲ್ಲ.'

ನಾಲ್ಕು ಚಳಿಗಾಲ, ಅತ್ತೆ!
ಇದನ್ನು ಮೊದಲೇ ಯಾಕೆ ಹೇಳಲಿಲ್ಲ?

'ನೀನು ಮನುಷ್ಯರನ್ನು ಕೇಳಿದೆ.'

ಕಾಗದ ತೆಗೆದೆ. ವಂಶವೃಕ್ಷದ ಚೌಕಗಳಲ್ಲಿ
ಹುಟ್ಟು ಇದೆ, ಮದುವೆ ಇದೆ, ಸಾವು ಇದೆ,
ನಡೆದು ಬಂದದ್ದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ, ಚಿಕ್ಕದಾಗಿ: ಒಮೆನಾ. ಅಂದರೆ ಸೇಬು.
ಆ ಉತ್ತರದಲ್ಲಿ ಆಗ ಸೇಬು ಎಲ್ಲಿ ಬೆಳೆಯುತ್ತಿತ್ತು,
ಯಾರು ಕಂಡಿದ್ದರು ಸೇಬನ್ನು, ಹಸುವಿಗೆ ಇಡಲಿಕ್ಕೆ?
ಯಾರ ಮನೆಯ ಹೆಸರು ಅದು?

ಕೇಳಬಾರದಿತ್ತೇನೋ, ಕೇಳಿಬಿಟ್ಟೆ:
ಹಸು ಅವಳದ್ದೇ ಆಗಿತ್ತೇ?

ಅತ್ತೆ ಒಣರೊಟ್ಟಿಯನ್ನು ಕಾಫಿಗೆ ಅದ್ದಿದಳು,
ಮೆತ್ತಗಾಗುವ ತನಕ ಹಿಡಿದೇ ಇದ್ದಳು.

'ಹಗ್ಗವಂತೂ ಅವಳದ್ದು.'