ಬಿಸಿ ಎಲ್ಲಿ ಹೋಗತೈತಿ

ಕ್ಯಾಲೆಂಡರಿನ ಬೆನ್ನಿಗೆ ಬರೆದಿದ್ದೆ ನನ್ನ ಹಡಗು,
ಕಾದಂಬರಿಯ ಏಳನೇ ಅಧ್ಯಾಯಕ್ಕೆ ಬೇಕಾದದ್ದು:
ಮೀನಿನ ಮೂತಿ, ಗಿಡುಗನ ರೆಕ್ಕೆ,
ಮೂತಿಯಲ್ಲೊಂದು ದೊಡ್ಡ ಗಾಜು.
ಹುಬ್ಬಳ್ಳಿ, ಗದಗ ರಸ್ತೆ, ರೈಲ್ವೆ ಕ್ವಾರ್ಟರ್ಸಿನ ಕಟ್ಟೆ.
ಬುಡ್ಡೇಸಾಬ ಕಾಕಾ ಗಿರಮಿಟ್ಟಿನ ಬೆರಳು ಲುಂಗಿಗೆ ಒರೆಸಿ
ಹಾಳೆ ಹರವಿಕೊಂಡು ಬಹಳ ಹೊತ್ತು ನೋಡಿದ.
"ಎಲ್ಲಾ ಛಲೋ ಐತಿ ತಂಗಿ.
ಇದರ ಬಿಸಿ ಎಲ್ಲಿ ಹೋಗತೈತಿ?"

ಮೂವತ್ತೊಂದು ವರ್ಷ ಬಾಯ್ಲರಿನ ಹೊಟ್ಟೆಯೊಳಗೆ ಕೂತು
ರಿವೆಟ್ ಬಡಿದವನು. ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ಅರ್ಧ.

ಅಲ್ಲಿ ಗಾಳಿ ಇಲ್ಲ, ಎಂದು ಬರೆದು ತೋರಿಸಿದೆ.
"ಅದಕ್ಕೇ ಕೇಳಿದ್ದು. ಊದಿ ತಣಿಸೋರು ಯಾರು?
ಕಾಸಿದ ರಿವೆಟ್ಟು ಕತ್ತಲದಾಗ ಇಟ್ಟು ನೋಡು,
ಯಾರನ್ನೂ ಮುಟ್ಟದ, ಬರೇ ಬೆಳಕಾಗಿ
ಸಾವಕಾಶ ಬಿಡತೈತಿ ತನ್ನ ಸಿಟ್ಟು.
ರೆಕ್ಕಿ ಇರಲಿ ಬಿಡು.
ಹಾರಾಕಲ್ಲ, ಆರಾಕ."

ಆಮೇಲೆ ಇದ್ದಲಿನ ಲೆಕ್ಕ.
"ದಾರ್ಯಾಗ ಗದಗ ಜಂಕ್ಷನ್ ಇಲ್ಲ, ನಿಲ್ಲಿಸಿ ನೀರು ಕುಡಸಾಕ.
ಎಲ್ಲಾ ಹೊತಗೊಂಡ ಹೋಗಬೇಕು.
ಹೊತ್ತ ಇದ್ದಲಿ ಎಳಿಯಾಕ ಮತ್ತಿಷ್ಟು ಇದ್ದಲಿ,
ಆ ಮತ್ತಿಷ್ಟಕ್ಕ ಮತ್ತಿಷ್ಟು..."
ಹಡಗಿನ ಹಿಂದೆ ವ್ಯಾಗನ್ನು ಬರೆಯುತ್ತ ಹೋದ,
ಹಾಳೆ ಮುಗಿದು ಪೆನ್ಸಿಲ್ಲು ಸಿಮೆಂಟಿಗಿಳಿಯಿತು,
ನನ್ನ ನಾಯಕಿಯ ಕೋಣೆ
ಜೀರಿಗೆ ಕಾಳಿನಷ್ಟು ಉಳಿಯಿತು.

"ನಿಲ್ಲೂದು ಹೆಂಗ? ಹಳಿ ಇಲ್ಲ, ಬ್ರೇಕ್ ಒತ್ತಾಕ ಗಾಲಿ ಇಲ್ಲ.
ಅರ್ಧ ದಾರಿಗೆ ಗಾಡಿ ತಿರುವು,
ಕುಂಡಿ ಮುಂದ ಮಾಡಿ ಬೆಂಕಿ ಊದು.
ಊರು ಮುಟ್ಟೂದು ಬೆನ್ನು ಕೊಟ್ಟು."
ಹೊಸ ಸೂರ್ಯನನ್ನು ಅವಳು ಗಾಜಿನೊಳಗಿಂದ
ಮೊದಲ ಸಲ ಕಾಣುವ ಆ ಪುಟ,
ನಾನು ಮೂರು ವಾರ ತಿದ್ದಿದ್ದು,
ಅಲ್ಲೇ ಹೊಡೆದು ಹಾಕಿದೆ.
ಬರುವಾಗ ಅವಳಿಗೆ ಕಾಣುವುದು
ಬಿಟ್ಟು ಬಂದದ್ದು ಮಾತ್ರ.

ಸ್ಫೋಟದ ಢಂ ಎಂಬುದನ್ನೂ ತೆಗೆಯಬೇಕಿತ್ತು.
ಅಲ್ಲಿ ಸದ್ದೇ ಸಾಗುವುದಿಲ್ಲ, ಎಂದು ಬರೆದೆ.
ಓದಿ, ಇದ್ದಷ್ಟು ಹಲ್ಲೂ ಕಾಣುವಂತೆ ನಕ್ಕ:
"ಹಂಗಾರ ನನಗ ಅಲ್ಲಿ ನೌಕರಿ ಐತಿ!"
ಸ್ಪ್ಯಾನರಿನ ಒಂದು ತುದಿ ಬೇರಿಂಗಿಗೆ,
ಇನ್ನೊಂದು ಹಲ್ಲಿಗೆ ಕಚ್ಚಿ
ಎಂಜಿನ್ನಿನ ಬೇನೆ ಕೇಳುತ್ತಿದ್ದನಂತೆ.
"ಗಾಳಿ ಸುಳ್ಳು ಹೇಳಬಹುದು ತಂಗಿ, ಕಬ್ಬಿಣ ಹೇಳೂದಿಲ್ಲ."

ಕತ್ತಲಾಯಿತು. ಯಾರ್ಡಿನಾಚೆ ಗೂಡ್ಸ್ ಗಾಡಿಯೊಂದು ಹೊರಟಿತು.
ಕಾಕಾ ಗೇಟಿನ ಸರಳಿಗೆ ಅಂಗೈ ಒತ್ತಿ
ಕಣ್ಣು ಮುಚ್ಚಿದ.
"ಒಂಬತ್ತನೇ ವ್ಯಾಗನ್. ಒಂದು ಗಾಲಿ ಚಪ್ಪಟಿ ಆಗೈತಿ."

ನನಗೆ ಕೇಳಿಸಿದ್ದು ಬರೀ ರೈಲು.